ನೆಟ್ಟಕ್ಕನ ಹೆಸರಿನಲ್ಲಿರುವ ವೈಫೈ ಕುರಿತು

ಸುತ್ತೋಲೆ

ಸಂಖ್ಯೆ: ಪ್ರ.ವಿ.ಕ/ನಿಸ್ತಂತು/ಕಾಯುವ ಕೊಠಡಿ/೪೧೭(ಅ)/ತಿದ್ದುಪಡಿ–೩

ದಿನಾಂಕ: ಸೋಮವಾರ, ಮಧ್ಯಾಹ್ನದ ನಂತರ (ತಾರೀಖಿನ ಮೊಹರು ಕಳೆದ ವರ್ಷದಲ್ಲೇ ಕಚ್ಚಿಕೊಂಡು ಕೂತಿರುವುದರಿಂದ ಕೈಯಲ್ಲಿ ಬರೆಯಲಾಗಿದೆ)

ವಿಷಯ: ಕಚೇರಿಯ ಕಾಯುವ ಕೊಠಡಿಯಲ್ಲಿ ಸಾರ್ವಜನಿಕರಿಗೆ ಒದಗಿಸಿರುವ ಉಚಿತ ನಿಸ್ತಂತು ಅಂತರ್ಜಾಲ ಸೌಲಭ್ಯವನ್ನು (ಇನ್ನು ಮುಂದೆ ‘ವೈಫೈ’ ಎನ್ನಲಾಗುವುದು, ಹಿಂದೆಯೂ ಹಾಗೆಯೇ ಎನ್ನಲಾಗುತ್ತಿತ್ತು) ಹಂಚಿಕೊಳ್ಳುವುದು, ಹಂಚಿಕೊಂಡವರ ಗುಟ್ಟು ಕಾಯುವುದು, ಹಾಗೂ ಹೆಚ್ಚುಕಡಿಮೆಯಾದಲ್ಲಿ ಅದನ್ನು ಯಾರ ತಲೆಗೆ ಕಟ್ಟಬೇಕೆಂಬ ಬಗ್ಗೆ.

ಉಲ್ಲೇಖ:
೧. ಸೈಬರ್ ಅಪರಾಧ ಠಾಣೆಯಿಂದ ಈ ಕಚೇರಿಯ ಅಟೆಂಡರ್ ಅವರ ಹೆಸರಿಗೆ ಬಂದಿರುವ ನೋಟಿಸು.
೨. ಮಾನ್ಯ ನಿರ್ದೇಶಕರ ಮೌಖಿಕ ಆದೇಶ (ದೂರವಾಣಿ ಮೂಲಕ, ಪಕ್ಕದ ಕೊಠಡಿಗೂ ಕೇಳಿಸಿರುತ್ತದೆ).
೩. ಇದೇ ವಿಷಯದ ಹಿಂದಿನ ಎರಡು ಸುತ್ತೋಲೆಗಳು (ಒಂದನ್ನು ವೈಫೈ ಪೆಟ್ಟಿಗೆ ಅಲುಗದಂತೆ ಅದರ ಕೆಳಗೆ ಮಡಚಿ ಇಡಲಾಗಿದೆ, ಇನ್ನೊಂದನ್ನು ಯಾರೂ ಓದಿರುವುದಿಲ್ಲ).

ಪ್ರಸ್ತಾವನೆ

ಈ ಕಚೇರಿಯಲ್ಲಿ ಜನನ, ಮರಣ, ಮದುವೆ ಮುಂತಾದ ಪ್ರಮಾಣಪತ್ರಗಳನ್ನು ವಿತರಿಸಲಾಗುತ್ತಿದ್ದು, ಅರ್ಜಿದಾರರು ನೆಲಮಹಡಿಯ ಕಾಯುವ ಕೊಠಡಿಯಲ್ಲಿ ಸರಾಸರಿ ನಾಲ್ಕು ಗಂಟೆ ಕೂರಬೇಕಾಗಿರುತ್ತದೆ. ಹೀಗೆ ಕೂತವರು ಮೊದಲ ಗಂಟೆಯಲ್ಲಿ ಗೋಡೆಯ ಮೇಲಿನ ಸೂಚನೆಗಳನ್ನು ಓದುವುದು, ಎರಡನೇ ಗಂಟೆಯಲ್ಲಿ ಪಕ್ಕದವರ ಸಂಸಾರ ವಿಚಾರಿಸುವುದು, ಮೂರನೇ ಗಂಟೆಯಲ್ಲಿ ಸಿಬ್ಬಂದಿಯ ಸಂಸಾರ ವಿಚಾರಿಸುವುದು ಕಂಡುಬಂದಿದ್ದರಿಂದ, ಅವರ ಗಮನವನ್ನು ಬೇರೆ ಕಡೆ ತಿರುಗಿಸುವ ಸದುದ್ದೇಶದಿಂದ ನಾಲ್ಕು ವರ್ಷಗಳ ಹಿಂದೆ ವೈಫೈ ಒದಗಿಸಲು ತೀರ್ಮಾನಿಸಲಾಯಿತು.

ಮಂಜೂರಾತಿ ಕೋರಿದ ಕಡತವು ಹನ್ನೊಂದು ಮೇಜುಗಳನ್ನು ಸುತ್ತಿ, ‘ತಂತಿಯೇ ಇಲ್ಲವೆಂದ ಮೇಲೆ ಮಂಜೂರು ಮಾಡಬೇಕಾದ್ದು ಏನನ್ನು?’ ಎಂಬ ಷರಾದೊಂದಿಗೆ ಹಿಂದಿರುಗಿತು. ಬೇರೆ ದಾರಿ ಕಾಣದೆ, ಅಂದಿನ ಹಿರಿಯ ಗುಮಾಸ್ತರು (ಇಂದಿನ ಅಧೀಕ್ಷಕರು, ಅಂದರೆ ಕೆಳಗೆ ಸಹಿ ಮಾಡಿರುವವರು) ಕಾಯುವ ಕೊಠಡಿಯ ಅಟೆಂಡರ್ ಅವರನ್ನು ಕರೆದು, “ಸದ್ಯಕ್ಕೆ ನಿನ್ನ ಹೆಸರಲ್ಲಿ ತಗೊಂಡ್ಬಿಡಮ್ಮ, ಆಮೇಲೆ ಆಫೀಸಿನ ಹೆಸರಿಗೆ ಮಾಡಿಸ್ಕೊಂಡ್ರಾಯ್ತು” ಎಂದು ಮೌಖಿಕವಾಗಿ ಸೂಚಿಸಿದರು. ಆಕೆ ತಮ್ಮ ಗುರುತಿನ ಚೀಟಿ, ಎರಡು ಭಾವಚಿತ್ರ ಮತ್ತು ಒಂದು ಸಹಿ ಕೊಟ್ಟರು. ಸದರಿ ‘ಆಮೇಲೆ’ ಈವರೆಗೆ ಬಂದಿರುವುದಿಲ್ಲ.

ಈ ಕಾರಣದಿಂದಾಗಿ ಸದರಿ ಅಟೆಂಡರ್ ಅವರನ್ನು ಅರ್ಜಿದಾರರು ‘ನೆಟ್ಟಕ್ಕ’ ಎಂದು ಕರೆಯುವ ಪದ್ಧತಿ ಬೆಳೆದುಬಂದಿದೆ. ಇದೇ ಕಾರಣದಿಂದಾಗಿ, ಕಾಯುವ ಕೊಠಡಿಯಲ್ಲಿ ಯಾರು ಏನೇ ಮಾಡಿದರೂ ಕಾನೂನಿನ ಕಣ್ಣಿಗೆ ಅದನ್ನು ಮಾಡಿದವರು ನೆಟ್ಟಕ್ಕನೇ ಆಗಿರುತ್ತಾರೆ. ಸಂಪರ್ಕ ಕೊಟ್ಟಿರುವ ಕಂಪನಿಯ ದಾಖಲೆಗಳ ಪ್ರಕಾರ ಆಕೆ ಕಳೆದ ನಾಲ್ಕು ವರ್ಷಗಳಲ್ಲಿ ಕೂದಲು ಉದುರುವುದಕ್ಕೆ ಕಾರಣವನ್ನು ಎರಡು ಸಾವಿರ ಸಲ ಹುಡುಕಿದ್ದಾರೆ (ಆಕೆಯ ಕೂದಲು ಚೆನ್ನಾಗಿಯೇ ಇದೆ), ಭಾರಿ ವಾಹನ ಚಾಲನೆಯ ಪರೀಕ್ಷೆಯಲ್ಲಿ ಹದಿನಾಲ್ಕು ಸಲ ಫೇಲಾಗಿದ್ದಾರೆ, ದಂತವೈದ್ಯ ಹುದ್ದೆಗೆ ಅರ್ಜಿ ಹಾಕಿದ್ದಾರೆ, ಮತ್ತು ಒಂದೇ ಮಂಗಳವಾರ ಬೆಳಿಗ್ಗೆ ವರನನ್ನೂ ಮಧ್ಯಾಹ್ನ ವಧುವನ್ನೂ ನೋಡಿದ್ದಾರೆ. ಇವಿಷ್ಟನ್ನೂ ಮಾಡಿ ನೆಲ ಒರೆಸಲು ಆಕೆಗೆ ಸಮಯ ಹೇಗೆ ಸಿಕ್ಕಿತು ಎಂದು ಠಾಣೆಯವರು ಕೇಳಿರುತ್ತಾರೆ.

ಹೀಗಿರುವಲ್ಲಿ, ಕಳೆದ ತಿಂಗಳು ಮಾನ್ಯ ನಿರ್ದೇಶಕರು ಈ ಕಟ್ಟಡದ ಲಿಫ್ಟನ್ನು ಉದ್ಘಾಟಿಸಿದರು. ಇದು ಸದರಿ ಲಿಫ್ಟಿನ ಮೂರನೇ ಉದ್ಘಾಟನೆಯಾಗಿರುತ್ತದೆ. ಮೊದಲನೇ ಸಲ ಬಾಗಿಲು ಮಾತ್ರ ಬಂದಿತ್ತು. ಎರಡನೇ ಸಲ ಪೆಟ್ಟಿಗೆ ಬಂದಿತ್ತು. ಮೂರನೇ ಸಲ ಎರಡೂ ಇದ್ದು ಕರೆಂಟಿನ ಸಂಪರ್ಕ ಇರಲಿಲ್ಲ. ರಿಬ್ಬನ್ ಕತ್ತರಿಸುತ್ತಿರುವ ನಿರ್ದೇಶಕರ ಚಿತ್ರವನ್ನು ಇಲಾಖೆಯ ಜಾಲತಾಣದಲ್ಲಿ ಹಾಕಿದಾಗ, ಅದರ ಕೆಳಗೆ ‘ಮೆಟ್ಟಿಲುಪ್ರೇಮಿ’ ಎಂಬ ಸುಳ್ಳು ಹೆಸರಿನಲ್ಲಿ ಈ ಕೆಳಕಂಡ ಕಾಮೆಂಟು ಕಂಡುಬಂದಿತು:

“ಲಿಫ್ಟಿಗೆ ಇದು ಮೂರನೇ ಉದ್ಘಾಟನೆ, ಸದ್ಯಕ್ಕೆ ಕೆಲಸ ಮಾಡ್ತಿರೋದು ಕತ್ತರಿ ಮಾತ್ರ”

ಇದಕ್ಕೆ ಸಾವಿರದ ಒಂಬೈನೂರು ಮಂದಿ ಮೆಚ್ಚುಗೆ ಸೂಚಿಸಿದ್ದು, ಅವರಲ್ಲಿ ಬಹುಪಾಲು ಈ ಇಲಾಖೆಯವರೇ ಆಗಿರುವುದು ನಿರ್ದೇಶಕರ ಮನಸ್ಸಿಗೆ ಇನ್ನಷ್ಟು ಘಾಸಿ ಮಾಡಿರುತ್ತದೆ. ಅವರು ಠಾಣೆಗೆ ದೂರಿತ್ತರು. ಠಾಣೆಯವರು ಜಾಡು ಹಿಡಿದು ಬಂದರು. ಜಾಡು ಕಾಯುವ ಕೊಠಡಿಯ ನೀರಿನ ಫಿಲ್ಟರಿನ ಮೇಲಿರುವ ವೈಫೈ ಪೆಟ್ಟಿಗೆಯ ಬಳಿ ನಿಂತಿತು. ಕಾಮೆಂಟು ಹಾಕಿದವರು ಯಾರೆಂದು ಬುಧವಾರ ಸಂಜೆ ಐದರೊಳಗೆ ಹೇಳಬೇಕೆಂದೂ, ಹೇಳದಿದ್ದಲ್ಲಿ ನೆಟ್ಟಕ್ಕನೇ ಹಾಕಿದರೆಂದು ಭಾವಿಸಲಾಗುವುದೆಂದೂ ನೋಟಿಸು ಬಂದಿರುತ್ತದೆ.

ಸದರಿ ಅಟೆಂಡರ್ ಹದಿನಾರು ವರ್ಷಗಳಿಂದ ತಾತ್ಕಾಲಿಕವಾಗಿ ಕೆಲಸ ಮಾಡುತ್ತಿದ್ದು, ಆಕೆಯನ್ನು ಖಾಯಂ ಮಾಡುವ ಕಡತವು ಬರುವ ಗುರುವಾರ ಖಾಯಮಾತಿ ಸಮಿತಿಯ ಮುಂದೆ ಬರಲಿದೆ. ತಮ್ಮ ಮೇಲೆ ಪೊಲೀಸ್ ವಿಚಾರಣೆ ಬಾಕಿ ಇರುವವರನ್ನು ಖಾಯಂ ಮಾಡುವಂತಿಲ್ಲ. ಸಮಿತಿಯ ಮುಂದಿನ ಸಭೆ ಯಾವಾಗ ಎಂಬುದು ಯಾರಿಗೂ ತಿಳಿದಿಲ್ಲ; ಅಷ್ಟರಲ್ಲಿ ಆಕೆಯ ವಯಸ್ಸಿನ ಮಿತಿ ದಾಟಿರುತ್ತದೆ. ಗುರುವಾರ ತಪ್ಪಿದರೆ ತಪ್ಪಿದಂತೆಯೇ.

ಆದ್ದರಿಂದ, ಇಂಥದ್ದು ಮರುಕಳಿಸದಂತೆ ಬಿಗಿಯಾದ ನಿಯಮಗಳನ್ನು ಹೊರಡಿಸಬೇಕೆಂದು ನಿರ್ದೇಶಕರು ಆದೇಶಿಸಿರುವ ಮೇರೆಗೆ, ಸಮಸ್ತ ಸಿಬ್ಬಂದಿಗೆ ಹಾಗೂ ಕಾಯುತ್ತಿರುವ ಸಾರ್ವಜನಿಕರಿಗೆ ಈ ಕೆಳಕಂಡಂತೆ ಸೂಚಿಸಲಾಗಿದೆ.

೧. ವೈಫೈ ಬಳಸಲಿಚ್ಛಿಸುವವರು ಫಿಲ್ಟರಿನ ಪಕ್ಕದ ಸ್ಟೂಲಿನ ಮೇಲಿಟ್ಟಿರುವ ನೋಂದಣಿ ಪುಸ್ತಕದಲ್ಲಿ ತಮ್ಮ ಹೆಸರು, ತಂದೆಯ ಹೆಸರು, ಫೋನಿನ ಬಣ್ಣ, ಏನನ್ನು ನೋಡಲಾಗುವುದು, ಯಾಕೆ, ಮತ್ತು ನೋಡಿದ ಮೇಲೆ ನಗು ಬರುವ ಸಂಭವವಿದೆಯೇ ಎಂಬ ವಿವರಗಳನ್ನು ತುಂಬತಕ್ಕದ್ದು. ಸುಮ್ಮನೆ ನೋಡುವವರು ‘ಸುಮ್ಮನೆ’ ಎಂದು ಬರೆದು ಪಕ್ಕದಲ್ಲಿ ಪೂರ್ತಿ ಸಹಿ ಮಾಡತಕ್ಕದ್ದು. ಪುಸ್ತಕಕ್ಕೆ ಕಟ್ಟಿದ್ದ ಪೆನ್ನು ಮೊದಲ ದಿನವೇ ಕಾಣೆಯಾಗಿದ್ದು, ಈಗ ಅಲ್ಲಿ ದಾರ ಮಾತ್ರ ಇರುತ್ತದೆ.

೨. ಪಾಸ್‌ವರ್ಡ್ ಎಂಬುದು ಗೋಪ್ಯವಾದುದು. ಈವರೆಗೆ ಅದನ್ನು ಸೀಮೆಸುಣ್ಣದಲ್ಲಿ ಗೋಡೆಯ ಮೇಲೆ ಬರೆದು, ಓದಲು ಬಾರದವರಿಗೆ ನೆಟ್ಟಕ್ಕ ಗಟ್ಟಿಯಾಗಿ ಹೇಳುತ್ತಿದ್ದುದು ಗಮನಕ್ಕೆ ಬಂದಿರುತ್ತದೆ. ಇನ್ನು ಮುಂದೆ ಪಾಸ್‌ವರ್ಡನ್ನು ಯಾರಿಗೂ ಹೇಳತಕ್ಕದ್ದಲ್ಲ. ಈಗಾಗಲೇ ತಿಳಿದಿರುವವರು ಏಳು ದಿನಗಳೊಳಗೆ ಮರೆತು, ಮರೆತಿರುವ ಬಗ್ಗೆ ಈ ನಮೂನೆಯಲ್ಲಿ ದ್ವಿಪ್ರತಿಯಲ್ಲಿ ಮುಚ್ಚಳಿಕೆ ಬರೆದುಕೊಡತಕ್ಕದ್ದು: ‘ನಾನು __________ (ಪಾಸ್‌ವರ್ಡನ್ನು ಇಲ್ಲಿ ಸ್ಪಷ್ಟವಾಗಿ, ದೊಡ್ಡ ಅಕ್ಷರಗಳಲ್ಲಿ ಬರೆಯುವುದು) ಎಂಬ ಪಾಸ್‌ವರ್ಡನ್ನು ಸ್ವಇಚ್ಛೆಯಿಂದ, ಯಾರ ಒತ್ತಾಯವೂ ಇಲ್ಲದೆ, ಸಂಪೂರ್ಣವಾಗಿ ಮರೆತಿರುತ್ತೇನೆ.’ ಮುಚ್ಚಳಿಕೆಯ ಒಂದು ಪ್ರತಿಯನ್ನು ಸಾರ್ವಜನಿಕರ ಅವಗಾಹನೆಗಾಗಿ ಸೂಚನಾ ಫಲಕದಲ್ಲಿ ಅಂಟಿಸಲಾಗುವುದು.

೩. ವೈಫೈಗೆ ಸೇರುವ ಮುನ್ನ ಬರುವ ಷರತ್ತುಗಳನ್ನು ಓದದೆ ‘ಒಪ್ಪಿದ್ದೇನೆ’ ಎಂದು ಒತ್ತುವುದು ಅಪಾಯಕಾರಿ. ಕಳೆದ ನಾಲ್ಕು ವರ್ಷಗಳಲ್ಲಿ ಆ ಷರತ್ತುಗಳನ್ನು ಪೂರ್ತಿ ಓದಿದವರು ಒಬ್ಬರೇ. ಹುಟ್ಟಿದ ತಾರೀಖು ತಿದ್ದಿಸಲು ಬಂದು ಕಾಯುತ್ತಿರುವ ನಿವೃತ್ತ ಹೆಡ್‌ಮಾಸ್ಟರ್ ಒಬ್ಬರು ನಲವತ್ತೊಂದು ಪುಟಗಳನ್ನೂ ನಾಲ್ಕು ದಿನ ಕೂತು ಓದಿ, ಅವು ನಗರದ ಈಜುಕೊಳದ ಷರತ್ತುಗಳಿಂದ ನಕಲು ಮಾಡಿದವು ಎಂದು ಪತ್ತೆಹಚ್ಚಿರುತ್ತಾರೆ. ಪರಿಶೀಲಿಸಲಾಗಿ ಇದು ನಿಜವೆಂದು ಕಂಡುಬಂದಿದೆ. ಹೊಸ ಷರತ್ತುಗಳು ಸಿದ್ಧವಾಗುವವರೆಗೆ ಹಳೆಯವೇ ಜಾರಿಯಲ್ಲಿರುವುದರಿಂದ, ಚರ್ಮರೋಗ ಇರುವವರು, ಊಟ ಮಾಡಿ ಅರ್ಧ ಗಂಟೆ ಆಗದವರು, ಹಾಗೂ ತಲೆಗೆ ಟೋಪಿ ಧರಿಸದವರು ವೈಫೈಗೆ ಇಳಿಯತಕ್ಕದ್ದಲ್ಲ. ಹನ್ನೆರಡು ವರ್ಷದೊಳಗಿನವರು ಆಳವಿಲ್ಲದ ಕಡೆ ಮಾತ್ರ ಬಳಸತಕ್ಕದ್ದು.

೪. ಬಳಕೆದಾರರ ಖಾಸಗಿತನವನ್ನು ಈ ಕಚೇರಿ ಪ್ರಾಣದಂತೆ ಕಾಪಾಡುತ್ತದೆ. ಇದಕ್ಕಾಗಿ ಮೂವರ ಖಾಸಗಿತನ ರಕ್ಷಣಾ ಸಮಿತಿಯನ್ನು ರಚಿಸಲಾಗಿದೆ. ಸಮಿತಿಯು ಪ್ರತಿಯೊಬ್ಬರ ಫೋನಿನ ಪರದೆಯನ್ನು ಹಿಂದಿನಿಂದ ಬಗ್ಗಿ ನೋಡಿ, ಅದರಲ್ಲಿ ಖಾಸಗಿಯಾದದ್ದು ಯಾವುದು, ಅಲ್ಲದ್ದು ಯಾವುದು ಎಂದು ಗಟ್ಟಿಯಾಗಿ ಓದಿ ವಿಂಗಡಿಸಿ, ಖಾಸಗಿಯಾದದ್ದನ್ನು ಮಾತ್ರ ಪ್ರತ್ಯೇಕ ಪುಸ್ತಕದಲ್ಲಿ ಬರೆದಿಡುವುದು. ಸಮಿತಿಯ ಮೊದಲ ದಿನದ ಕೆಲಸ ಅತ್ಯಂತ ಶ್ರದ್ಧೆಯಿಂದ ನಡೆದಿದ್ದು, ಸದಸ್ಯರು ಮಧ್ಯಾಹ್ನದ ಊಟಕ್ಕೂ ಎದ್ದಿರುವುದಿಲ್ಲ. ಸಮಿತಿಗೆ ಸೇರಿಕೊಳ್ಳಲು ಇನ್ನೂ ಹದಿನೇಳು ಸಿಬ್ಬಂದಿ ಅರ್ಜಿ ಸಲ್ಲಿಸಿದ್ದಾರೆ.

೫. ವೈಫೈ ಅಲೆಗಳು ಕಾಂಪೌಂಡ್ ಗೋಡೆಯನ್ನು ದಾಟಿ ಎದುರಿನ ಟೈಲರ್ ಅಂಗಡಿಗೆ ಹೋಗುತ್ತಿರುವುದು ಕಂಡುಬಂದಿದೆ. ಸದರಿ ಅಲೆಗಳು ಇಲಾಖೆಗೆ ಸೇರಿದವು (ಅಥವಾ ನೆಟ್ಟಕ್ಕನಿಗೆ ಸೇರಿದವು, ಸ್ಪಷ್ಟನೆ ಕೋರಲಾಗಿದೆ). ಅಲೆಗಳು ಎಲ್ಲಿಯವರೆಗೆ ಬರುತ್ತವೆಂದು ತಿಳಿಯಲು ಸರ್ವೇಯರ್ ಒಬ್ಬರನ್ನು ಕಳುಹಿಸಲಾಗಿ, ಅವರು ಫೋನ್ ಹಿಡಿದು ಹಿಂದಕ್ಕೆ ನಡೆಯುತ್ತಾ ಹೋಗಿ ಚರಂಡಿಯ ಬಳಿ ಸರಹದ್ದು ಗುರುತಿಸಿರುತ್ತಾರೆ. ಆ ಜಾಗದಲ್ಲಿ ಅವರ ಒಂದು ಚಪ್ಪಲಿ ಇಂದಿಗೂ ಗುರುತಾಗಿ ಉಳಿದಿದೆ. ಟೈಲರ್ ಅವರು ಕಚೇರಿಯ ವೇಳೆಯಲ್ಲಿ ಅಲೆಗಳಿಗೆ ಬೆನ್ನು ಮಾಡಿ ಹೊಲಿಯತಕ್ಕದ್ದು.

೬. ಒಬ್ಬರ ಫೋನಿನಿಂದ ಇನ್ನೊಬ್ಬರಿಗೆ ವೈಫೈ ಹಂಚುವವರು ಸಂಬಂಧವನ್ನು ರುಜುವಾತುಪಡಿಸತಕ್ಕದ್ದು. ಗಂಡ ಹೆಂಡತಿಗೆ ಹಂಚಿದಲ್ಲಿ ಹೆಂಡತಿ ನೋಡಿದ್ದಕ್ಕೆ ಗಂಡ ಹೊಣೆ. ಹೆಂಡತಿ ಗಂಡನಿಗೆ ಹಂಚಿದಲ್ಲಿ ಗಂಡ ನೋಡಿದ್ದಕ್ಕೆ ಹೆಂಡತಿ ಹೊಣೆಯಲ್ಲ, ಆದರೆ ಏನು ನೋಡಿದನೆಂದು ತಿಳಿಯುವ ಹಕ್ಕು ಆಕೆಗಿರುತ್ತದೆ. ಸೊಸೆಯಿಂದ ಪಡೆದು ಅತ್ತೆ ಬಳಸಿದಲ್ಲಿ ಹೊಣೆ ಯಾರದೆಂದು ನಿರ್ಧರಿಸುವ ಧೈರ್ಯ ಈ ಕಚೇರಿಗೆ ಇರುವುದಿಲ್ಲ. ಮದುವೆಯ ಪ್ರಮಾಣಪತ್ರಕ್ಕಾಗಿ ಕಾಯುತ್ತಿರುವ ಜೋಡಿಗಳು ಪ್ರಮಾಣಪತ್ರ ಕೈಗೆ ಸಿಗುವವರೆಗೆ ಬೇರೆ ಬೇರೆ ಬೆಂಚಿನಲ್ಲಿ ಕೂತು ಬೇರೆ ಬೇರೆಯಾಗಿ ಬಳಸತಕ್ಕದ್ದು.

೭. ಫೋನುಗಳ ಹೆಸರಿನ ಬಗ್ಗೆ. ನೋಟಿಸು ಬಂದ ಮಾರನೆಯ ದಿನದಿಂದ ಸಿಬ್ಬಂದಿ ತಮ್ಮ ಫೋನುಗಳ ಹೆಸರನ್ನು ಬದಲಿಸಿಕೊಳ್ಳುತ್ತಿರುವುದು ಗಮನಕ್ಕೆ ಬಂದಿದೆ. ಸದ್ಯ ವೈಫೈಗೆ ‘ನಾನಲ್ಲ’, ‘ನಾನೂ ಅಲ್ಲ’, ‘ರಜೆಯಲ್ಲಿದ್ದೆ’ ಎಂಬ ಫೋನುಗಳೂ, ‘ನಿರ್ದೇಶಕರು’ ಎಂಬ ಹೆಸರಿನ ಮೂರು ಫೋನುಗಳೂ ಸೇರಿಕೊಂಡಿವೆ. ಯಾವುದೇ ಫೋನು ತನ್ನ ಮಾಲೀಕರ ಹುದ್ದೆಗಿಂತ ಮೇಲಿನ ಹುದ್ದೆಯ ಹೆಸರನ್ನು ಧರಿಸತಕ್ಕದ್ದಲ್ಲ. ಬಡ್ತಿ ಬಂದಲ್ಲಿ ಮೊದಲು ಮಾಲೀಕರಿಗೆ, ನಂತರ ಫೋನಿಗೆ.

೮. ಇದನ್ನು ಓದಿ ನಗುತ್ತಿರುವವರ ಹೆಸರನ್ನು ಬರೆದುಕೊಳ್ಳಲಾಗುತ್ತಿದೆ. ಎರಡನೇ ಸಾಲಿನ ಮೇಜಿನವರು ಎದ್ದು ನಿಲ್ಲುವುದು.

೯. ಅಟೆಂಡರ್ ಅವರ ಹೇಳಿಕೆಯ ಬಗ್ಗೆ. ಕಂಪನಿಯವರು ಕೊಟ್ಟಿರುವ ವ್ಯವಸ್ಥೆಯಿಂದ, ಯಾವ ಹೊತ್ತಿನಲ್ಲಿ ಯಾವ ಫೋನು ವೈಫೈಗೆ ಸೇರಿತ್ತೆಂಬುದು ನೆಟ್ಟಕ್ಕನ ಫೋನಿನಲ್ಲಿ ಕಾಣುತ್ತದೆ. ಕಾಮೆಂಟು ಬಂದಿರುವುದು ಮಂಗಳವಾರ ಮಧ್ಯಾಹ್ನ ಮೂರು ನಲವತ್ತಕ್ಕೆ. ಆದ್ದರಿಂದ ಸಹಿದಾರರು ಆಕೆಯನ್ನು ಮೂರನೇ ಮಹಡಿಯ ತಮ್ಮ ಕೊಠಡಿಗೆ ಕರೆಸಿ, ಖುದ್ದಾಗಿ ಪ್ರಶ್ನೆ ಕೇಳಿ ಹೇಳಿಕೆ ಬರೆದುಕೊಂಡಿರುತ್ತಾರೆ. ಅದನ್ನು ಕಚೇರಿಯ ಭಾಷೆಗೆ ತರಲು ಪ್ರಯತ್ನಿಸಲಾಗಿ ಸಾಧ್ಯವಾಗದ ಕಾರಣ ಇದ್ದಂತೆಯೇ ಕೊಡಲಾಗಿದೆ:

“ನೋಡಿದೀನಿ ಸಾರ್. ಯಾರ ಫೋನು ಅಂತ ಗೊತ್ತು. ಹೇಳಲ್ಲ. ನೀವೇ ಕೇಳ್ತಿದೀರಲ್ಲ, ಹಂಗೇ ಬರ್ಕೊಳ್ಳಿ, ಗೊತ್ತು ಆದ್ರೆ ಹೇಳಲ್ಲ ಅಂತ. ನಾನು ಈ ಆಫೀಸಿನ ಬಾತ್‌ರೂಮೂ ತೊಳೀತೀನಿ. ಒಳಗೆ ಯಾರು ಎಷ್ಟು ಹೊತ್ತು ಕೂತಿದ್ರು ಅಂತ ಹೊರಗೆ ಹೇಳ್ಕೊಂಡು ತಿರುಗಿದೀನಾ? ಇದೂ ಹಂಗೇ. ನೆಟ್ಟು ನನ್ನ ಹೆಸರಲ್ಲಿರಬಹುದು, ಅದರೊಳಗೆ ಹೋಗಿ ಬಂದೋರ ಮಾತು ನನ್ನದಲ್ಲ. ಖಾಯಂ ಆಗ್ಲಿಲ್ಲ ಅಂದ್ರೆ ಆಗ್ಲಿಲ್ಲ. ಹದಿನಾರು ವರ್ಷ ಆಗದೇ ಇದ್ದಿದ್ದು. ಮನೇಲಿ ಅಮ್ಮನಿಗೆ ಮಾತ್ರ ಏನು ಹೇಳೋದು ಅಂತ ಗೊತ್ತಾಗ್ತಿಲ್ಲ ಸಾರ್, ಗುರುವಾರ ಆಗತ್ತೆ ಅಂತ ಎಲ್ಲರಿಗೂ ಹೇಳ್ಬಿಟ್ಟಿದಾರೆ. ಮುಗೀತಾ? ಕೆಳಗೆ ಫಿಲ್ಟರಿಗೆ ನೀರು ಬಿಟ್ಟು ಬಂದಿದೀನಿ.”

೧೦. ಮೇಲ್ಕಂಡ ಹೇಳಿಕೆಯನ್ನು ಕೇಳಿದ ನಿರ್ದೇಶಕರು, ಆಕೆಯ ಫೋನನ್ನೇ ವಶಪಡಿಸಿಕೊಂಡು ನೋಡಬೇಕೆಂದು ಆದೇಶಿಸಿರುತ್ತಾರೆ. ಆದರೆ ಆ ಫೋನಿನಲ್ಲಿ ನಾಲ್ಕು ವರ್ಷಗಳಿಂದ ಬಂದುಹೋದ ಸುಮಾರು ಮೂವತ್ತೊಂದು ಸಾವಿರ ಅರ್ಜಿದಾರರ ವಿವರಗಳಿದ್ದು, ನಿಯಮ ೪ರ ಪ್ರಕಾರ ಅವರೆಲ್ಲರ ಲಿಖಿತ ಒಪ್ಪಿಗೆ ಪಡೆಯಬೇಕಾಗಿರುತ್ತದೆ. ಒಪ್ಪಿಗೆ ಕೋರಿ ಪತ್ರಗಳನ್ನು ಬರೆಯಲಾಗುತ್ತಿದೆ. ಈವರೆಗೆ ಆರು ಪತ್ರ ಮುಗಿದಿದೆ. ನಿಯಮ ೪ರಲ್ಲಿ ಹಾಗೆಲ್ಲಿದೆ ಎಂದು ಯಾರಾದರೂ ಕೇಳಿದಲ್ಲಿ, ಅದನ್ನು ಬರೆದವರು ಸಹಿದಾರರೇ ಆಗಿರುವುದರಿಂದ ಅದರ ಅರ್ಥವೂ ಅವರಿಗೇ ಹೆಚ್ಚು ತಿಳಿದಿರುತ್ತದೆ ಎಂದು ಉತ್ತರಿಸತಕ್ಕದ್ದು.

೧೧. ಈ ನಿಯಮದ ಹೊತ್ತಿಗೆ ಬೆರಳಚ್ಚುಗಾರ್ತಿ ಕಣ್ಣೊರೆಸಿಕೊಳ್ಳಲು ಎದ್ದು ಹೋಗಿದ್ದರಿಂದ ನಿಯಮ ೧೧ ಇರುವುದಿಲ್ಲ.

೧೨. ತಪ್ಪೊಪ್ಪಿಗೆಗಳ ಬಗ್ಗೆ. ನೆಟ್ಟಕ್ಕನಿಗೆ ನೋಟಿಸು ಬಂದ ಸುದ್ದಿ ಕಾಯುವ ಕೊಠಡಿಯಲ್ಲಿ ಹರಡಿದ ಮೇಲೆ, ಕಾಮೆಂಟು ಹಾಕಿದ್ದು ತಾವೇ ಎಂದು ಸಾರ್ವಜನಿಕರು ಸಾಲುಗಟ್ಟಿ ಬಂದು ಒಪ್ಪಿಕೊಳ್ಳುತ್ತಿರುವುದು ಕಚೇರಿಯ ದೈನಂದಿನ ಕೆಲಸಕ್ಕೆ ಅಡ್ಡಿಯಾಗಿರುತ್ತದೆ. ಇಂದು ಮಧ್ಯಾಹ್ನದವರೆಗೆ ನಲವತ್ತಮೂರು ಮಂದಿ ಲಿಖಿತವಾಗಿ ಒಪ್ಪಿಕೊಂಡಿದ್ದಾರೆ. ಇವರಲ್ಲಿ ಒಬ್ಬರ ಬಳಿ ಫೋನೇ ಇಲ್ಲ. ಇನ್ನೊಬ್ಬರು ಅಂದು ಆಸ್ಪತ್ರೆಯಲ್ಲಿ ಹೆರಿಗೆಯಾಗಿ ಮಲಗಿದ್ದು, ಅದೇ ಮಗುವಿನ ಜನನ ಪ್ರಮಾಣಪತ್ರಕ್ಕಾಗಿ ಇಂದು ಬಂದಿರುವವರು. ಎದುರಿನ ಟೈಲರ್ ಅವರು ಇಂಚುಪಟ್ಟಿ ಕೊರಳಲ್ಲಿ ಹಾಕಿಕೊಂಡೇ ಮೂರನೇ ಮಹಡಿಗೆ ಹತ್ತಿ ಬಂದು, “ನಾನೇ ಸಾರ್ ಹಾಕಿದ್ದು. ಏನು ಹಾಕಿದ್ದು ಅಂತ ಒಂದು ಸಲ ಹೇಳ್ಬಿಡಿ, ಅದನ್ನೇ ಹೇಳ್ತೀನಿ” ಎಂದು ಹೇಳಿಕೆ ನೀಡಿದ್ದಾರೆ. ನಿವೃತ್ತ ಹೆಡ್‌ಮಾಸ್ಟರ್ ಅವರು ತಪ್ಪೊಪ್ಪಿಗೆಯನ್ನು ಸುಂದರವಾದ ಅಕ್ಷರದಲ್ಲಿ ಬರೆದು, ಕೊನೆಯಲ್ಲಿ ‘ಆದರೆ ನಾನೇ ಹಾಕಿದ್ದರೆ ಪೂರ್ಣವಿರಾಮ ಇಡದೆ ಬಿಡುತ್ತಿರಲಿಲ್ಲ’ ಎಂದು ಸೇರಿಸಿ ತಮ್ಮ ತಪ್ಪೊಪ್ಪಿಗೆಯನ್ನು ತಾವೇ ಕೆಡಿಸಿಕೊಂಡಿರುತ್ತಾರೆ. ಅದನ್ನು ಅವರ ಗಮನಕ್ಕೆ ತಂದಾಗ ಹೊಸ ಹಾಳೆ ಕೇಳಿದರು.

ಇನ್ನು ಮುಂದೆ ತಪ್ಪೊಪ್ಪಿಗೆಗಳನ್ನು ಬೆಳಿಗ್ಗೆ ಹನ್ನೊಂದರಿಂದ ಒಂದರವರೆಗೆ ಮಾತ್ರ, ಟೋಕನ್ ಪಡೆದವರಿಂದ ಮಾತ್ರ ಸ್ವೀಕರಿಸಲಾಗುವುದು. ಒಬ್ಬರು ಒಂದಕ್ಕಿಂತ ಹೆಚ್ಚು ತಪ್ಪು ಒಪ್ಪಿಕೊಳ್ಳತಕ್ಕದ್ದಲ್ಲ. ಗುಂಪಾಗಿ ಒಪ್ಪಿ ಫೋಟೋ ತೆಗೆಸಿಕೊಳ್ಳುವುದನ್ನು ನಿಷೇಧಿಸಲಾಗಿದೆ.

೧೩. ಮೇಲ್ಕಂಡ ನಲವತ್ತಮೂರೂ ತಪ್ಪೊಪ್ಪಿಗೆಗಳನ್ನು ಸುಳ್ಳೆಂದು ತಿರಸ್ಕರಿಸಲಾಗಿದೆ. ಅವುಗಳ ಕೂಲಂಕಷ ಪರಿಶೀಲನೆ ಮಾಡಿರುವುದಿಲ್ಲ. ಮಾಡುವ ಅಗತ್ಯವಿರಲಿಲ್ಲ. ನಿಜವಾಗಿ ಹಾಕಿದವರೊಬ್ಬರನ್ನು ಬಿಟ್ಟು ಉಳಿದವರೆಲ್ಲ ಒಪ್ಪಿಕೊಂಡಿರುತ್ತಾರೆ ಎಂಬುದು ಸಹಿದಾರರಿಗೆ ಖಚಿತವಾಗಿ ತಿಳಿದಿರುತ್ತದೆ.

೧೪. ಸದರಿ ಕಾಮೆಂಟು ಈ ಕೆಳಗೆ ಸಹಿ ಮಾಡಿರುವ ಅಧೀಕ್ಷಕರಿಂದಲೇ ಹಾಕಲ್ಪಟ್ಟಿರುತ್ತದೆ ಎಂದು ಈ ಮೂಲಕ ಸೂಚಿಸಲಾಗಿದೆ.

೧೫. ಅಂದು ಸಹಿದಾರರು ಕಡತಗಳ ಕಟ್ಟು ಹೊತ್ತು ನಾಲ್ಕನೇ ಬಾರಿಗೆ ಮೆಟ್ಟಿಲಿಳಿದು, ಮೊಣಕಾಲು ಮಾತು ಕೇಳದ ಕಾರಣ ಕಾಯುವ ಕೊಠಡಿಯ ಬೆಂಚಿನಲ್ಲಿ ಕೂತಿರುತ್ತಾರೆ. ನೆಟ್ಟಕ್ಕ ಒಂದು ಲೋಟ ನೀರು ತಂದುಕೊಟ್ಟು, “ಸ್ವಲ್ಪ ಸುಧಾರಿಸ್ಕೊಳ್ಳಿ ಸಾರ್, ಫೈಲು ಎಲ್ಲೂ ಓಡಿಹೋಗಲ್ಲ” ಎಂದು ಹೇಳಿ ಹೋಗಿರುತ್ತಾರೆ. ಆಗ ಸಹಿದಾರರ ಫೋನಿನಲ್ಲಿ ನಿರ್ದೇಶಕರು ಕತ್ತರಿ ಹಿಡಿದು ನಗುತ್ತಿರುವ ಚಿತ್ರವು ಕಂಡುಬಂದಿರುತ್ತದೆ. ಮೂವತ್ತನಾಲ್ಕು ವರ್ಷಗಳ ಸೇವೆಯಲ್ಲಿ ಸಹಿದಾರರು ಮೇಲಧಿಕಾರಿಗಳ ಬಗ್ಗೆ ಬರೆದ ಏಕೈಕ ಸತ್ಯವಾಕ್ಯ ಅದಾಗಿರುತ್ತದೆ. ಪೂರ್ಣವಿರಾಮ ಇಡುವ ಮೊದಲೇ ಕಳುಹಿಸುವ ಗುಂಡಿ ಒತ್ತಿಯಾಗಿತ್ತು.

ನಂತರ ಜಾಡು ಫಿಲ್ಟರಿನ ಬಳಿ ಬಂದು ನಿಂತಾಗ ಸುಮ್ಮನಿದ್ದೆ. ನೋಟಿಸು ಬಂದಾಗಲೂ ಸುಮ್ಮನಿದ್ದೆ. ನಿವೃತ್ತಿಗೆ ಹದಿನಾಲ್ಕು ತಿಂಗಳು ಉಳಿದಿದೆ ಎಂದು ಲೆಕ್ಕ ಹಾಕುತ್ತಿದ್ದೆ. ಆಕೆಯನ್ನು ಎದುರಿಗೆ ನಿಲ್ಲಿಸಿಕೊಂಡು, ಯಾರು ಹಾಕಿದ್ದು ಹೇಳು ಎಂದು ನಾನೇ ಕೇಳಿದೆ. ಆಕೆ ಉತ್ತರ ಕೊಡುವಷ್ಟೂ ಹೊತ್ತು ಕಿಟಕಿಯ ಕಡೆ ನೋಡುತ್ತಿದ್ದರು, ನನಗೆ ಮುಜುಗರವಾಗಬಾರದೆಂದು. ಇಷ್ಟೊಂದು ನಾಚಿಕೆ ನನಗೆ ಜನ್ಮದಲ್ಲಿ ಆಗಿರಲಿಲ್ಲ.

೧೬. ವೈಫೈ ಸಂಪರ್ಕವನ್ನು ನೆಟ್ಟಕ್ಕನ ಹೆಸರಿನಿಂದ ಸಹಿದಾರರ ಸ್ವಂತ ಹೆಸರಿಗೆ ಬದಲಿಸುವ ಅರ್ಜಿಯನ್ನು ಇಂದು ಬೆಳಿಗ್ಗೆ ಕಂಪನಿಗೆ ಸಲ್ಲಿಸಲಾಗಿದೆ. ಗುರುತಿನ ಚೀಟಿ, ಎರಡು ಭಾವಚಿತ್ರ, ಒಂದು ಸಹಿ. ಒಟ್ಟು ಹತ್ತು ನಿಮಿಷ ಹಿಡಿಯಿತು. ಇಷ್ಟು ಸಣ್ಣ ಕೆಲಸವನ್ನು ನಾಲ್ಕು ವರ್ಷ ಮುಂದೂಡಿದ್ದಕ್ಕೆ ಯಾವ ಸಮಜಾಯಿಷಿಯೂ ಇರುವುದಿಲ್ಲ. ಇನ್ನು ಮುಂದೆ ಸಾರ್ವಜನಿಕರು ವೈಫೈನಲ್ಲಿ ವಧುವನ್ನೋ ವರನನ್ನೋ ಹುಡುಕಿದಲ್ಲಿ ಹುಡುಕಿದವರು ಅಧೀಕ್ಷಕರೆಂದು ದಾಖಲಾಗುವುದರಿಂದ, ಸ್ವಲ್ಪ ವಯಸ್ಸು ನೋಡಿ ಹುಡುಕಬೇಕಾಗಿ ಕೋರಲಾಗಿದೆ.

೧೭. ನಿಯಮ ೧ರಿಂದ ೭ರವರೆಗಿನವು ತಕ್ಷಣದಿಂದ ಜಾರಿಗೆ ಬರುವುದಿಲ್ಲ. ಪಾಸ್‌ವರ್ಡ್ ಗೋಡೆಯ ಮೇಲೆಯೇ ಇರತಕ್ಕದ್ದು. ಅಕ್ಷರ ಮಾಸಿದಲ್ಲಿ ಮತ್ತೆ ಬರೆಯತಕ್ಕದ್ದು. ಖಾಸಗಿತನ ರಕ್ಷಣಾ ಸಮಿತಿಯವರು ತಾವು ಬರೆದಿಟ್ಟ ಪುಸ್ತಕವನ್ನು ಹರಿದುಹಾಕಿ ತಮ್ಮ ತಮ್ಮ ಮೇಜಿಗೆ ಮರಳತಕ್ಕದ್ದು. ನೆಟ್ಟಕ್ಕನಿಗೆ ಇದ್ದಷ್ಟು ಬಿಗಿಯಾದ ಬಾಯಿ ಈ ಕಚೇರಿಯಲ್ಲಿ ಬೇರಾರಿಗೂ ಇಲ್ಲದಿರುವುದರಿಂದ ಬೇರೆ ಸಮಿತಿಯ ಅಗತ್ಯವಿರುವುದಿಲ್ಲ.

೧೮. ಈ ಸುತ್ತೋಲೆಯ ಕರಡನ್ನು ಮಾನ್ಯ ನಿರ್ದೇಶಕರ ಅವಗಾಹನೆಗೆ ಇಂದು ಮಧ್ಯಾಹ್ನ ಸಲ್ಲಿಸಲಾಗಿ, ಅವರು ಮೊದಲ ಪುಟವನ್ನು ಓದಿ, ‘ಬಿಗಿಯಾಗಿದೆ, ಕೂಡಲೇ ಹೊರಡಿಸಿ’ ಎಂದು ಬರೆದು ಎಲ್ಲ ಪುಟಗಳಿಗೂ ಸಹಿ ಮಾಡಿರುತ್ತಾರೆ.

ನಿರ್ದೇಶಕರ ಅನುಮೋದನೆಯ ಮೇರೆಗೆ,

ಸಹಿ/-
ಅಧೀಕ್ಷಕರು
(ಸದ್ಯಕ್ಕೆ)

ನಕಲು ಪ್ರತಿಗಳು:

೧. ಠಾಣಾಧಿಕಾರಿಗಳು, ಸೈಬರ್ ಅಪರಾಧ ಠಾಣೆ – ನೋಟಿಸಿನಲ್ಲಿ ಹೆಸರು ಬದಲಿಸಿಕೊಳ್ಳಲು. ಕಟ್ಟಡ ಅದೇ, ಮಹಡಿ ಮಾತ್ರ ಬೇರೆ. ಬರುವವರು ಊಟ ಮಾಡಿ ಬರುವುದು ಒಳ್ಳೆಯದು.

೨. ಮಾನ್ಯ ನಿರ್ದೇಶಕರ ಆಪ್ತ ಸಹಾಯಕರು – ಎರಡನೇ ಪುಟದಿಂದ ಓದಿ ಹೇಳಲು. ಓದುವಾಗ ನಡುವೆ ಮೇಜು ಇರುವಂತೆ ನೋಡಿಕೊಳ್ಳುವುದು.

೩. ಎದುರಿನ ಟೈಲರ್ ಅವರಿಗೆ – ಇನ್ನು ಯಾವ ಕಡೆ ಮುಖ ಮಾಡಿಯಾದರೂ ಹೊಲಿಯಬಹುದೆಂದು ತಿಳಿಸಲು.

೪. ತಪ್ಪೊಪ್ಪಿಕೊಂಡ ನಲವತ್ತಮೂರು ಮಂದಿಗೆ – ತಮ್ಮ ತಮ್ಮ ಹೇಳಿಕೆಗಳನ್ನು ಹಿಂಪಡೆಯಲು. ಈ ಕಚೇರಿ ಅವರಿಗೆ ಋಣಿಯಾಗಿರುತ್ತದೆ.

೫. ಸಹಿದಾರರ ಮನೆಯವರಿಗೆ – ಮಾಹಿತಿಗಾಗಿ. ಬಡಿಸುವಾಗ ಚರ್ಚಿಸಬಾರದೆಂದು ವಿನಂತಿ.

೬. ಕಾರ್ಯದರ್ಶಿಗಳು, ಖಾಯಮಾತಿ ಸಮಿತಿ – ಗುರುವಾರದ ಸಭೆಗಾಗಿ. ಕಾಯುವ ಕೊಠಡಿಯ ಅಟೆಂಡರ್ ಅವರ ಮೇಲೆ ಯಾವ ವಿಚಾರಣೆಯೂ ಬಾಕಿ ಇರುವುದಿಲ್ಲ.

೭. ಕಾಯುವ ಕೊಠಡಿಯ ಅಟೆಂಡರ್ ಅವರಿಗೆ – ಮಾಹಿತಿಗಾಗಿ. ವಿಷಯ ಮೊದಲೇ ತಿಳಿದಿರುವುದರಿಂದ ಓದುವ ಅಗತ್ಯವಿಲ್ಲ; ಮನೆಗೆ ಒಯ್ದು ಅಮ್ಮನಿಗೆ ಓದಿ ಹೇಳತಕ್ಕದ್ದು.